ಹಂಸ ಹಾಡುವುದುಂಟೆ?

ಹಿರಿಯ ನಟರೊಬ್ಬರು ಕಾಲವಾದರೆನ್ನಿ. ಅವರು ಕಡೆಯದಾಗಿ ಅಭಿನಯಿಸಿದ ಚಿತ್ರಕ್ಕೆ ಮರುದಿನವೇ ‘ಹಂಸಗೀತೆ’ ಎಂಬ ಬಿರುದು ಬಂದುಬಿಡುತ್ತದೆ. ಕ್ರಿಕೆಟ್ ಆಟಗಾರನ ಕೊನೆಯ ಪಂದ್ಯ, ಕವಿಯ ಕೊನೆಯ ಸಂಕಲನ, ನಿವೃತ್ತರಾಗುವ ಅಧ್ಯಾಪಕರ ಕೊನೆಯ ಪಾಠ, ಎಲ್ಲಕ್ಕೂ ಇದೊಂದೇ ಮಾತು. ಮಾತು ಸೊಗಸಾಗಿದೆ, ಕಿವಿಗೆ ಇಂಪಾಗಿದೆ, ಸಂಸ್ಕೃತದ ಮೈಕಟ್ಟು ಇರುವುದರಿಂದ ಹಳೆಯದೆಂಬ ಗೌರವವೂ ಅದಕ್ಕುಂಟು. ಆದರೆ ಹಂಸವು ಸಾಯುವಾಗ ಹಾಡುತ್ತದೆಂದು ನಮ್ಮ ಯಾವ ಕವಿ ಹೇಳಿದ್ದಾನೆ? ಹುಡುಕಲು ಹೊರಟರೆ ಪಂಪನಿಂದಲ್ಲ, ಕಾಳಿದಾಸನಿಂದಲ್ಲ, ದೂರದ ಗ್ರೀಸ್ ದೇಶದಿಂದ ಈ ಹಕ್ಕಿ ಹಾರಿಬಂದಿರುವುದು ಕಾಣುತ್ತದೆ.

ಗ್ರೀಕರಲ್ಲಿ ಹಂಸವು ಸಂಗೀತದ ದೇವತೆಯಾದ ಅಪೊಲೊವಿನ ಹಕ್ಕಿ. ಬದುಕಿನುದ್ದಕ್ಕೂ ಮೌನವಾಗಿದ್ದು ಸಾವಿನ ಮುನ್ನ ಒಂದೇ ಒಂದು ಬಾರಿ ಮಧುರವಾಗಿ ಹಾಡುತ್ತದೆಂಬುದು ಹಬ್ಬಿದ ನಂಬಿಕೆ. ಈಸ್ಕಿಲಸನ ‘ಅಗಮೆಮ್ನಾನ್’ ನಾಟಕದಲ್ಲಿ ತನ್ನ ಸಾವನ್ನು ತಾನೇ ನುಡಿದು ಮಡಿದ ಕಸಾಂಡ್ರಳನ್ನು ರಾಣಿಯು ಹಂಸಕ್ಕೆ ಹೋಲಿಸುತ್ತಾಳೆ. ಕ್ರಿ.ಪೂ. 399ರಲ್ಲಿ ವಿಷದ ಬಟ್ಟಲಿಗಾಗಿ ಕಾದು ಕುಳಿತ ಸಾಕ್ರೆಟಿಸನ ಬಾಯಲ್ಲಿಯೂ ಪ್ಲೇಟೊ ಇದೇ ಹಕ್ಕಿಯ ಮಾತನ್ನು ಇರಿಸಿದ್ದಾನೆ. ಹಂಸ ಆಗ ಹಾಡುವುದು ದುಃಖದಿಂದಲ್ಲ, ತನ್ನ ಒಡೆಯನ ಬಳಿಗೆ ಹೊರಟೆನೆಂಬ ಸಂತೋಷದಿಂದ. ಸಾವಿಗಂಜುವ ಮನುಷ್ಯರು ತಮ್ಮ ಅಂಜಿಕೆಯನ್ನು ಆ ಪಾಪದ ಹಕ್ಕಿಯ ಮೇಲೂ ಹೊರಿಸಿದ್ದಾರೆ, ಎಂಬುದು ಅವನ ವಾದ. ರೋಮಿನ ಪ್ಲಿನಿ ಮಾತ್ರ, ನೋಡಿ ಪರೀಕ್ಷಿಸಿದರೆ ಇದು ನಿಜವಲ್ಲವೆಂದು ತನ್ನ ಪ್ರಕೃತಿ ಚರಿತ್ರೆಯಲ್ಲಿ ಬರೆದಿಟ್ಟ. ಕೇಳುವವರಾರು? ಹದಿನೈದು ಶತಮಾನಗಳ ಮೇಲೆ ಶೇಕ್ಸ್‌ಪಿಯರನ ನಾಟಕಗಳಲ್ಲಿಯೂ ಹಂಸ ಹಾಡುತ್ತಲೇ ಸಾಯುತ್ತದೆ.

ನಮ್ಮ ಹಂಸದ ಜಾಯಮಾನವೇ ಬೇರೆ. ಅದು ಹಾಲನ್ನೂ ನೀರನ್ನೂ ಬೇರ್ಪಡಿಸುವ ವಿವೇಕಿ. ಮಳೆಗಾಲ ಬಂದೊಡನೆ ಮಾನಸ ಸರೋವರಕ್ಕೆ ಹೊರಡುವ ಪ್ರವಾಸಿ. ನಳ ದಮಯಂತಿಯರ ನಡುವೆ ಪ್ರೇಮದ ಸುದ್ದಿ ಒಯ್ಯುವ ದೂತ. ಕನಕದಾಸರ ‘ನಳಚರಿತ್ರೆ’ಯನ್ನು ಓದಿದವರು ಅದರ ಮಾತಿನ ಜಾಣ್ಮೆಯನ್ನು ಬಲ್ಲರು. ‘ಹಂಸಗೀತೆ’ ಎಂಬ ಹೆಸರೂ ನಮ್ಮಲ್ಲಿ ಹೊಸದಲ್ಲ. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಭಗವಂತನು ಹಂಸರೂಪದಿಂದ ಸನಕಾದಿಗಳಿಗೆ ಉಪದೇಶಿಸಿದ ಭಾಗಕ್ಕೆ ಅದೇ ಹೆಸರು. ಅಲ್ಲಿ ಗೀತೆಯೆಂದರೆ ಉಪದೇಶ. ಸಾವಿನ ಸುಳಿವೇ ಇಲ್ಲ.

ಸಂಗೀತಕ್ಕೆ ಬಂದರೆ ವಿರೋಧ ಇನ್ನೂ ಸ್ಪಷ್ಟ. ಹಂಸದ ದನಿಯೆಂಬ ಹೆಸರಿನ ಹಂಸಧ್ವನಿ ರಾಗವನ್ನು ಸೃಷ್ಟಿಸಿದವರು ರಾಮಸ್ವಾಮಿ ದೀಕ್ಷಿತರು. ಅವರ ಮಗ ಮುತ್ತುಸ್ವಾಮಿ ದೀಕ್ಷಿತರು ಆ ರಾಗದಲ್ಲಿ ರಚಿಸಿದ ಗಣಪತಿಯ ಕೃತಿಯನ್ನು ವಿದ್ವಾಂಸರು ಹಾಡುವುದು ಕಛೇರಿಯ ಮೊದಲಿನಲ್ಲಿ. ಯೂರೋಪಿನ ಹಂಸ ಕಡೆಯಲ್ಲಿ ಹಾಡಿದರೆ ನಮ್ಮ ಹಂಸ ಆರಂಭದಲ್ಲಿ ಹಾಡುತ್ತದೆ. ಕಡೆಗೆ ನಾವು ಹಾಡುವುದು ಮಂಗಳ.

ಹಾಗಾದರೆ ಕೊನೆಯ ಕೃತಿಗೆ ಹಂಸದ ಹೆಸರಿಡುವ ಪದ್ಧತಿಗೆ ಬಲ ಬಂದದ್ದು ಹೇಗೆ? ಇದಕ್ಕೆ ವಿಯೆನ್ನಾ ನಗರದ ಒಂದು ಪ್ರಸಂಗವನ್ನು ನೋಡಬೇಕು. ಫ್ರಾನ್ಸ್ ಶೂಬರ್ಟ್ ಅಲ್ಲಿ 1828ರ ನವೆಂಬರ್ 19ರಂದು ತೀರಿಕೊಂಡ. ವಯಸ್ಸು ಮೂವತ್ತೊಂದು. ಆರುನೂರಕ್ಕೂ ಮಿಕ್ಕಿ ಹಾಡುಗಳಿಗೆ ಸ್ವರ ಹಾಕಿದ ಈತನಿಗೆ ತನ್ನ ಕೃತಿಗಳದೇ ಒಂದು ಸಾರ್ವಜನಿಕ ಕಛೇರಿ ನಡೆಸಲು ಸಾಧ್ಯವಾದದ್ದು ಬದುಕಿನಲ್ಲಿ ಒಂದೇ ಸಲ, ಅದೇ ವರ್ಷದ ಮಾರ್ಚ್ 26ರಂದು. ಅದೇ ತಿಂಗಳು ಪಿಟೀಲಿನ ಮಾಂತ್ರಿಕ ಪಗನಿನಿ ಊರಿಗೆ ಬಂದಿದ್ದರಿಂದ ಪತ್ರಿಕೆಗಳ ಕಣ್ಣೆಲ್ಲ ಅತ್ತ ತಿರುಗಿತು. ಶೂಬರ್ಟ್ ಸತ್ತ ಮೇಲೆ ಉಳಿದಿದ್ದ ಹಸ್ತಪ್ರತಿಗಳಿಂದ ಹದಿನಾಲ್ಕು ಹಾಡುಗಳನ್ನು ಕೂಡಿಸಿ, ಹಾಸ್ಲಿಂಗರ್ ಎಂಬ ಪ್ರಕಾಶಕ 1829ರಲ್ಲಿ ಅಚ್ಚುಹಾಕಿಸಿದ. ‘ಹಂಸಗೀತೆ’ ಎಂದು ಹೆಸರಿಟ್ಟವನು ಅವನೇ, ಶೂಬರ್ಟನಲ್ಲ. ಏಳು ಹಾಡು ರೆಲ್‌ಸ್ಟಾಬನದು, ಆರು ಹೈನೆಯದು, ಒಂದು ಸೈಡ್ಲನದು; ಮೂವರು ಕವಿಗಳ ಬೇರೆ ಬೇರೆ ಭಾವಗಳು. ಅವನ್ನೆಲ್ಲ ಕಟ್ಟಿದ ದಾರ ಸಂಗೀತಗಾರನ ಮರಣವೊಂದೇ. ತಮಾಷೆಯೆಂದರೆ, ಶೂಬರ್ಟನ ಕಟ್ಟಕಡೆಯ ಹಾಡುಗಳಲ್ಲೊಂದೆನ್ನುವ, ಆ ಸಂಪುಟದ ಕೊನೆಯ ಹಾಡಿನಲ್ಲಿ ಹಂಸವೇ ಇಲ್ಲ. ಅದರಲ್ಲಿರುವುದು ಓಲೆ ಒಯ್ಯುವ ಪಾರಿವಾಳ!

ಅಲ್ಲಿಂದ ಮುಂದೆ ಈ ಮಾತು ಎಲ್ಲೆಲ್ಲಿಯೋ ತಲೆಬರಹವಾಯಿತು. 1887ರಲ್ಲಿ ಚೆಕೊವ್ ಬರೆದ ‘ಹಂಸಗೀತೆ’ ಏಕಾಂಕದಲ್ಲಿ ಅರವತ್ತೆಂಟರ ಹಾಸ್ಯನಟನೊಬ್ಬ ಪ್ರದರ್ಶನ ಮುಗಿದ ಮೇಲೆ ಕುಡಿದು ಮಲಗಿ, ನಡುರಾತ್ರಿ ಬರಿದಾದ ರಂಗಮಂದಿರದಲ್ಲಿ ಎಚ್ಚರಗೊಳ್ಳುತ್ತಾನೆ. ಕೇಳುವವನು ಹಿಂದಿನಿಂದ ಮಾತು ಎತ್ತಿಕೊಡುವ ಮುದುಕನೊಬ್ಬನೇ. ಆ ಒಬ್ಬ ಶ್ರೋತೃವಿಗಾಗಿ ನಟ ತನ್ನ ಹಳೆಯ ಪಾತ್ರಗಳನ್ನೆಲ್ಲ ನುಡಿದು ತೋರಿಸುತ್ತಾನೆ. ಫ್ರಾನ್ಸಿನ ಸ್ಯಾಂ-ಸಾನ್ಸ್ 1886ರಲ್ಲಿ ಚೆಲೊ ವಾದ್ಯಕ್ಕಾಗಿ ರಚಿಸಿದ ‘ಹಂಸ’ವಾದರೋ ನೆಮ್ಮದಿಯಾಗಿ ತೇಲುವ ಹಕ್ಕಿ. ಮುಂದಿನ ಶತಮಾನದ ಮೊದಲ ದಶಕದಲ್ಲಿ ರಷ್ಯದ ಫೋಕಿನ್ ಅದೇ ಸಂಗೀತಕ್ಕೆ ನೃತ್ಯ ಸಂಯೋಜಿಸಿ, ಆನಾ ಪಾವ್ಲೊವಾ ಕುಣಿದಳು, ಹಂಸ ಸಾಯತೊಡಗಿತು. 1974ರಲ್ಲಿ ‘ಲೆಡ್ ಜೆಪ್ಪೆಲಿನ್’ ಎಂಬ ಇಂಗ್ಲಿಷ್ ರಾಕ್ ಮೇಳದವರು ಹೊಸದಾಗಿ ತೆರೆದ ತಮ್ಮ ಧ್ವನಿಮುದ್ರಿಕೆ ಸಂಸ್ಥೆಗೂ ಇದೇ ಹೆಸರಿಟ್ಟರು. ಅಂಗಡಿ ತೆರೆಯುವ ದಿನವೇ ಅಂತ್ಯದ ಹೆಸರು! ಮಾತು ಹೆಚ್ಚು ಚಲಾವಣೆಯಾದ ಮೇಲೆ ನಾಣ್ಯದ ಹಾಗೆ ಅದರ ಮುದ್ರೆ ಸವೆಯುತ್ತದೆ.

ಸವೆದ ನಾಣ್ಯಕ್ಕೆ ಹೊಸ ಮುದ್ರೆ ಬಿದ್ದದ್ದು ನಮ್ಮ ಚಿತ್ರದುರ್ಗದಲ್ಲಿ ಎಂಬುದು ಅಭಿಮಾನದ ಮಾತಲ್ಲ. ತ. ರಾ. ಸುಬ್ಬರಾಯರು 1952ರಲ್ಲಿ ‘ಹಂಸಗೀತೆ’ ಕಾದಂಬರಿಯನ್ನು ಬರೆದರು. ಅದರ ನಾಯಕ ಹದಿನೆಂಟನೆಯ ಶತಮಾನದ ಗಾಯಕ ಭೈರವಿ ವೆಂಕಟಸುಬ್ಬಯ್ಯ. ಆಳುವವರ ಅಪ್ಪಣೆಗೆ ಹಾಡುವುದಕ್ಕಿಂತ ನಾಲಿಗೆಯನ್ನೇ ಕತ್ತರಿಸಿಕೊಳ್ಳುವುದು ಮೇಲೆಂದು ಬಗೆದವನೆಂದು ಅವನ ಸುತ್ತ ಕಥೆ ಬೆಳೆದಿದೆ. ವಿಯೆನ್ನಾದಲ್ಲಿ ಕೊನೆಯ ಹಾಡು ಯಾವುದೆಂದು ಗೊತ್ತುಮಾಡಿದವನು ಪ್ರಕಾಶಕ. ದುರ್ಗದ ಕಥೆಯಲ್ಲಿ ಗೊತ್ತುಮಾಡಿದವನು ಹಾಡುಗಾರನೇ. ಇಲ್ಲಿ ಹಂಸಗೀತೆಯೆಂದರೆ ಕೊನೆಗೆ ಹಾಡಿದ್ದಷ್ಟೇ ಅಲ್ಲ, ಹಾಡಲೊಲ್ಲೆನೆಂದ ಮೌನವೂ ಹೌದು.

ಈ ಕಾದಂಬರಿಯ ಮುಂದಿನ ಪ್ರಯಾಣವೂ ವಿಚಿತ್ರ. ಇದನ್ನು ಆಧರಿಸಿ 1956ರಲ್ಲಿ ಹಿಂದಿಯಲ್ಲಿ ತೆಗೆದ ಚಿತ್ರದ ಹೆಸರು ‘ಬಸಂತ್ ಬಹಾರ್’. ವಿಂಧ್ಯವನ್ನು ದಾಟುವಾಗ ಸಾವಿನ ಹಾಡು ವಸಂತದ ರಾಗವಾಯಿತು! ಅದರಲ್ಲಿ ಶಂಕರ್-ಜೈಕಿಷನ್ ಸಂಗೀತಕ್ಕೆ ನಾಯಕನ ಕಂಠವಾಗಿ ಮನ್ನಾ ಡೇ, ಎದುರಾಳಿಯ ಕಂಠವಾಗಿ ಗದಗಿನ ಭೀಮಸೇನ ಜೋಶಿಯವರು ಹಾಡಿದರು. ಕಥೆಯ ಸಲುವಾಗಿ ಸೋಲುವ ಪಾಳಿ ಭೀಮಸೇನರದು. 1975ರಲ್ಲಿ ಜಿ. ವಿ. ಅಯ್ಯರ್ ಅವರು ಹಳೆಯ ಹೆಸರನ್ನೇ ಉಳಿಸಿಕೊಂಡು ಕನ್ನಡದಲ್ಲಿ ಚಿತ್ರ ತೆಗೆದಾಗ ಅನಂತನಾಗ್ ವೆಂಕಟಸುಬ್ಬಯ್ಯನಾದರು. ಹಾಡಿದ ಬಾಲಮುರಳಿಕೃಷ್ಣರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ಅಂದಿನಿಂದ ಕನ್ನಡಿಗನ ಕಿವಿಯಲ್ಲಿ ಈ ಮಾತಿಗೆ ತಂಬೂರಿಯ ಶ್ರುತಿ ಕೂಡಿಕೊಂಡಿದೆ.

ಪರದೇಶದ ಅರ್ಥವೊಂದು ನಮ್ಮ ಮನಸ್ಸಿಗೆ ಇಷ್ಟು ಸಲೀಸಾಗಿ ಒಗ್ಗಿದ್ದಕ್ಕೆ ಇನ್ನೊಂದು ಕಾರಣವುಂಟು. ಸಂತರ ವಾಣಿಯಲ್ಲಿ ದೇಹದ ನಂಟನ್ನೆಲ್ಲ ಬಿಟ್ಟು ಹೊರಡುವ ಜೀವಕ್ಕೇ ಹಂಸವೆಂದು ಹೆಸರು. ಬೆಳಗಾವಿ ಸೀಮೆಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ಕಂಠದಲ್ಲಿ ಕಬೀರರ ನಿರ್ಗುಣ ಪದಗಳನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗ್ರೀಕರ ಹಂಸ ಹಾಡಿ ಸಾಯುತ್ತದೆ. ನಮ್ಮ ಹಂಸ ಸದ್ದಿಲ್ಲದೆ ಹಾರಿಹೋಗುತ್ತದೆ. ಎರಡು ಹಕ್ಕಿಗಳೂ ಕನ್ನಡದ ಒಂದು ಮಾತಿನಲ್ಲಿ ಗೂಡುಕಟ್ಟಿವೆ.

ಹಂಸಧ್ವನಿಯ ಮನೆತನಕ್ಕೇ ಮರಳಿ ನೋಡೋಣ. ಮುತ್ತುಸ್ವಾಮಿ ದೀಕ್ಷಿತರು 1835ರ ದೀಪಾವಳಿಯಂದು ಎಟ್ಟಯಪುರದಲ್ಲಿ ದೇಹಬಿಟ್ಟರು. ಮಧುರೆಯ ಮೀನಾಕ್ಷಿಯನ್ನು ಕುರಿತ ತಮ್ಮದೇ ಕೃತಿಯೊಂದನ್ನು ಶಿಷ್ಯರಿಂದ ಹಾಡಿಸಿ, ಕೇಳುತ್ತ ಕೇಳುತ್ತ ಕಣ್ಣುಮುಚ್ಚಿದರೆಂದು ಸಂಪ್ರದಾಯ ಹೇಳುತ್ತದೆ. ಹಾಡಿದವರು ಹೋಗುವವರಲ್ಲ, ಉಳಿಯುವವರು. ಈ ಮಾತಿನ ಒಳಗುಟ್ಟೂ ಇದೇ ಎಂದು ತೋರುತ್ತದೆ. ಹಂಸಗೀತೆ ಹಂಸದ ಸ್ವತ್ತಲ್ಲ, ದಡದಲ್ಲಿ ನಿಂತವರದು. ಕೊನೆಯದೆಂದು ತಿಳಿದಮೇಲೆ ನಾವು ಕಿವಿಗೊಡುತ್ತೇವೆ, ಹೆಸರಿಡುತ್ತೇವೆ, ಕಣ್ಣೊರೆಸಿಕೊಳ್ಳುತ್ತೇವೆ. ಮಾರ್ಚ್ ತಿಂಗಳಲ್ಲಿ ಪಗನಿನಿಯತ್ತ ಓಡಿದ ವಿಯೆನ್ನಾದವರೇ ಮರುವರ್ಷ ಶೂಬರ್ಟನ ಹಂಸಗೀತೆಯನ್ನು ಕೊಂಡರು. ನಮ್ಮ ಊರುಗಳಲ್ಲಿಯೂ ಹಾಡುವ, ಬರೆಯುವ, ಬಣ್ಣ ಹಚ್ಚುವ ಹಿರಿಯರು ಎಷ್ಟೋ ಮಂದಿ ಇದ್ದಾರೆ. ಅವರ ಕೊನೆಯ ಕೃತಿಗೆ ಚೆಂದದ ಹೆಸರಿಡಲು ನಾವು ಸದಾ ಸಿದ್ಧ. ಅದಕ್ಕೆ ಮೊದಲು, ಅವರು ಇನ್ನೂ ಹಾಡುತ್ತಿರುವ ಈ ಸಂಜೆ, ಹೋಗಿ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುವುದು ಒಳ್ಳೆಯದು.