ಸಾವಕಾರನ ಕಾಗದ, ರೈತನ ಹೊಲ

ದಖ್ಖನ್ ರೈತರ ದಂಗೆ ಎಂದೊಡನೆ ನಮ್ಮ ಮಕ್ಕಳು 1875 ಎಂಬ ಇಸವಿ ಬಾಯಿಪಾಠ ಮಾಡಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತಾರೆ. ಪುಣೆ, ಅಹ್ಮದನಗರ (ಇಂದಿನ ಅಹಿಲ್ಯಾನಗರ) ಕಡೆಯ ಗಲಾಟೆ, ನಮಗೇನು ಸಂಬಂಧ ಎಂಬ ಭಾವನೆ. ಆದರೆ ಆ ದಂಗೆಯಿಂದ ಹುಟ್ಟಿದ ಕಾಯ್ದೆ ಮೊದಲು ಜಾರಿಯಾದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಸೊಲ್ಲಾಪುರವೂ ಒಂದು. ಹೊಲ ಅಡವಿಟ್ಟ ಮೇಲೆ ಸಾವಕಾರನ ಕೈ ಎಷ್ಟು ದೂರ ಚಾಚಬಹುದು ಎಂಬ ಪ್ರಶ್ನೆಗೆ ಆ ಕಾಯ್ದೆ ಹೊಸ ಉತ್ತರ ಕೊಟ್ಟಿತು.

ಆಗಿನ ಪರಿಸ್ಥಿತಿ ನೋಡಿ. ಬಡ್ಡಿಗೆ ಇದ್ದ ಮಿತಿಯನ್ನು ಸರಕಾರ 1855ರಲ್ಲಿ ತೆಗೆದುಹಾಕಿತು. 1859ರ ಕಾಲಮಿತಿ ಕಾಯ್ದೆಯಂತೆ ಸಾಲದ ದಾವೆಯನ್ನು 3 ವರ್ಷದೊಳಗೆ ಹೂಡಬೇಕಾಯಿತು. ಇದು ರೈತನ ಒಳ್ಳೆಯದಕ್ಕೇ ಎಂದುಕೊಂಡಿದ್ದರೇನೋ! ಆದದ್ದು ಉಲ್ಟಾ. ಮೂರು ವರ್ಷ ತುಂಬುವುದರೊಳಗೆ ಸಾವಕಾರ ಹೊಸ ಪತ್ರ ಬರೆಸಿಕೊಳ್ಳುತ್ತಿದ್ದ. ಹಳೆಯ ಬಡ್ಡಿ ಅದರಲ್ಲಿ ಅಸಲಾಗಿ ಕೂಡುತ್ತಿತ್ತು. ಬಡ್ಡಿ ಅಸಲನ್ನು ಮೀರಬಾರದೆಂಬ ದಾಮದುಪ್ಪಟ್ಟಿನ ಹಳೆಯ ನಿಯಮ ಮುಂಬಯಿ ಪ್ರಾಂತದ ಕೋರ್ಟುಗಳಲ್ಲಿ ಇತ್ತು ನಿಜ, ಆದರೆ ಬಡ್ಡಿಯೇ ಅಸಲಿನ ವೇಷ ಹಾಕಿಕೊಂಡು ಬಂದರೆ ಆ ನಿಯಮ ಏನು ಮಾಡೀತು? ಅಮೇರಿಕದ ಅಂತರ್ಯುದ್ಧದ ವರ್ಷಗಳಲ್ಲಿ (1861-65) ಹತ್ತಿಗೆ ಬಂದಿದ್ದ ಬಂಗಾರದಂಥ ಬೆಲೆ ಯುದ್ಧ ಮುಗಿದ ಮೇಲೆ ಇಳಿಯಿತು, ಕಂದಾಯ ಏರಿತು, ಸಾಲ ಕೊಡುವವರು ಕೈ ಬಿಗಿ ಹಿಡಿದರು.

1875ರ ಮೇ 12ರಂದು ಪುಣೆ ಜಿಲ್ಲೆಯ ಸೂಪೆಯಲ್ಲಿ ಜನ ಎದ್ದರು. ಅವರಿಗೆ ಮುಖ್ಯವಾಗಿ ಬೇಕಾಗಿದ್ದದ್ದು ಸಾಲಪತ್ರಗಳು. ಪತ್ರ ಸುಟ್ಟರೆ ಸಾಲ ಸುಟ್ಟಂತೆ. ತಮ್ಮನ್ನು ಕಟ್ಟಿಹಾಕಿರುವುದು ಯಾವುದೆಂದು ಅಕ್ಷರ ಬಾರದ ರೈತರಿಗೂ ಸರಿಯಾಗಿಯೇ ಗೊತ್ತಿತ್ತು. ಅದರಲ್ಲೂ ಮಂದ್ರೂಪದ ಕಡೆಯ ಕನ್ನಡ ಮನೆಮಾತಿನ ರೈತನನ್ನು ನೆನೆಯಿರಿ: ಭಾಷೆ ಮರಾಠಿ, ಲಿಪಿ ಮೋಡಿ, ಕೆಳಗೆ ತನ್ನ ಹೆಬ್ಬೆಟ್ಟು!

ವಿಚಾರಣಾ ಆಯೋಗದ ವರದಿ 1878ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಹೋಯಿತು. ಮರುವರ್ಷ, 1879ರಲ್ಲಿ, ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಬಂತು. ಸಾಲಕ್ಕಾಗಿ ರೈತನನ್ನು ಜೈಲಿಗೆ ಹಾಕುವುದು ನಿಂತಿತು. ಗ್ರಾಮ ರಿಜಿಸ್ಟ್ರಾರರ ಎದುರು ಪತ್ರ ಬರೆಯುವ ಏರ್ಪಾಡಾಯಿತು. ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಮಾತ್ರ ಬೇರೆ: ಕೋರ್ಟು ಇನ್ನು ಪತ್ರದಲ್ಲಿರುವ ಮೊತ್ತವನ್ನಷ್ಟೇ ನೋಡಿ ಡಿಕ್ರಿ ಕೊಡುವಂತಿರಲಿಲ್ಲ. ವ್ಯವಹಾರದ ಬುಡಕ್ಕೆ ಹೋಗಿ, ಮೊದಲು ನಿಜವಾಗಿ ಕೈಗೆ ಬಂದ ಹಣ ಎಷ್ಟು ಎಂದು ಕೇಳಿ, ಅಸಲು ಬೇರೆ ಬಡ್ಡಿ ಬೇರೆ ಲೆಕ್ಕ ಹಾಕಬೇಕಿತ್ತು. ಹೊಲ ಸಾವಕಾರನ ಕೈಯಲ್ಲಿದ್ದರೆ ಅದರ ಉತ್ಪನ್ನವನ್ನೂ ರೈತನ ಜಮೆಗೆ ಹಿಡಿಯಬೇಕು.

ಇನ್ನೊಂದು ಕಲಮಿನಂತೆ, ಆ ಸಾಲಕ್ಕೆಂದೇ ಸ್ಪಷ್ಟವಾಗಿ ಅಡವಿಡದ ಹೊಲವನ್ನು ಹಣದ ಡಿಕ್ರಿಗಾಗಿ ಹರಾಜು ಹಾಕುವಂತಿಲ್ಲ. ಒಳ್ಳೆಯದೇ. ಆದರೆ ಸಾವಕಾರನೇನು ಸುಮ್ಮನೆ ಕೂಡುವ ಆಸಾಮಿಯೇ? ಹಾಗಾದರೆ ಅಡವು ಬರೆದುಕೊಡು ಎಂದ. ಅಡವಿನ ಲೆಕ್ಕವನ್ನೂ ಕೋರ್ಟು ಕೆದಕುತ್ತದೆಂದು ತಿಳಿದಾಗ ಖರೇದಿ ಪತ್ರವನ್ನೇ ಬರೆದುಕೊಡು, ಹಣ ತಂದಾಗ ಹೊಲ ತಿರುಗಿ ಕೊಡುತ್ತೇನೆ ಎಂದ. ಈ ಎರಡನೆಯ ಮಾತು ಪತ್ರದಲ್ಲಿ ಇರುತ್ತಿರಲಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 92ನೇ ಕಲಮು ಬರಹದ ವಿರುದ್ಧ ಬಾಯಿಮಾತನ್ನು ಕೇಳಗೊಡುತ್ತಿರಲಿಲ್ಲ. ಆದ್ದರಿಂದ ಮುಂದೆ ಪರಿಹಾರ ಕಾಯ್ದೆಗೆ 10-ಎ ಕಲಮು ಸೇರಿಸಿ, ಖರೇದಿ ಎಂದು ಬರೆದಿದ್ದರೂ ಅದು ನಿಜಕ್ಕೂ ಅಡವೇ ಎಂದು ತೋರಿಸಲು ರೈತನಿಗೆ ದಾರಿ ಮಾಡಿಕೊಟ್ಟರು. ಅಂದಹಾಗೆ, ಅಕ್ಕಲಕೋಟೆ, ಜತ್ತ ಆಗ ಸಂಸ್ಥಾನಗಳು. ಬ್ರಿಟಿಷರ ಈ ಕಾಯ್ದೆ ಅಲ್ಲಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ಸೀಮೆಗಲ್ಲಿನ ಈಚೆ ಒಂದು ನ್ಯಾಯ, ಆಚೆ ಒಂದು!

1882ರ ಸ್ವತ್ತು ವರ್ಗಾವಣೆ ಕಾಯ್ದೆ ಮುಂಬಯಿ ಪ್ರಾಂತಕ್ಕೆ ಬಂದದ್ದು 1893ರಲ್ಲಿ. ಅಡವಿಟ್ಟವನು ಸಾಲ ತೀರಿಸಿ ಆಸ್ತಿ ಬಿಡಿಸಿಕೊಳ್ಳುವ ಹಕ್ಕು ಅದರ 60ನೇ ಕಲಮಿನಲ್ಲಿದೆ. ಮುಂಬಯಿಯಂಥ ಕೆಲವು ಪಟ್ಟಣಗಳ ಆಸ್ತಿ ಮತ್ತು ಕೆಲವು ವಿಶೇಷ ಪ್ರಸಂಗ ಬಿಟ್ಟರೆ, ಸಾಲಗಾರನ ಆಸ್ತಿ ಮಾರಿಸಲು ಕೋರ್ಟಿನ ಮೆಟ್ಟಿಲು ಹತ್ತಲೇಬೇಕಿತ್ತು. ಬ್ಯಾಂಕುಗಳ ಮಟ್ಟಿಗೆ ಇದು ಬದಲಾದದ್ದು 2002ರ ಸರ್ಫೇಸಿ ಕಾಯ್ದೆಯಿಂದ. ಸಾಲ ವಸೂಲಾಗದ ಖಾತೆಯೆನಿಸಿದ ಮೇಲೆ 60 ದಿನದ ನೋಟೀಸು ಕೊಟ್ಟು, ದಾವೆ ಹೂಡದೆಯೇ ಮನೆ, ಅಂಗಡಿಯನ್ನು ವಶಪಡಿಸಿಕೊಂಡು ಮಾರಬಹುದು. ಕೃಷಿಭೂಮಿಯನ್ನು ಮಾತ್ರ ಅದರ 31ನೇ ಕಲಮು ಹೊರಗಿಟ್ಟಿದೆ.

ನಮ್ಮ ಶಾಲೆಯ ಪಾಲಕರಲ್ಲಿ ಕೆಲವರ ಮನೆಯ ಟ್ರಂಕಿನಲ್ಲಿ ಅಜ್ಜನ ಕಾಲದ ಭೋಗ್ಯದ ಪತ್ರಗಳು ಇದ್ದಾವು. ಅವಧಿ ಮೀರಿತು, ಇನ್ನು ಹೊಲ ಬಾರದು ಎಂದು ಅವನ್ನು ಒಲೆಗೆ ಹಾಕಬೇಡಿ. ಅಡವು ಬಿಡಿಸುವ ದಾವೆಗೆ 1963ರ ಕಾಲಮಿತಿ ಕಾಯ್ದೆ 30 ವರ್ಷ ಕೊಟ್ಟಿದೆ. ಆದರೆ ಭೋಗ್ಯದ ಅಡವಿನಲ್ಲಿ ಆ ಲೆಕ್ಕ ಪತ್ರ ಬರೆದ ದಿನದಿಂದ ಶುರುವಾಗುವುದಿಲ್ಲ, ಸಾಲ ತೀರಿದ ದಿನದಿಂದ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿದೆ. ಪತ್ರ ಮೋಡಿಯಲ್ಲಿದ್ದರೆ ಓದಬಲ್ಲವರಿಂದ ಮೊದಲು ಓದಿಸಿ, ಆಮೇಲೆ ವಕೀಲರ ಬಳಿ ಹೋಗಿ.