ಗುಂಡಿಗೆಯೊಳಗಿನ ಗಾಯ

ಎಡ್ವರ್ಡ್ ಜೆನ್ನರನ ಹೆಸರನ್ನು ಸಿಡುಬಿನ ದೆಸೆಯಿಂದ ನಾವೆಲ್ಲರೂ ಬಲ್ಲೆವು. ಅವನ ಬಾಳಿನ ಇನ್ನೊಂದು ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಎದೆನೋವಿನಿಂದ ಸತ್ತ ರೋಗಿಯೊಬ್ಬನ ಹೃದಯವನ್ನು ಅವನು ಒಮ್ಮೆ ಕೊಯ್ದು ನೋಡುತ್ತಿದ್ದ. ಚಾಕು ಗಟ್ಟಿಯಾದುದೇನಕ್ಕೋ ತಗುಲಿತು. ಹಳೆಯ ಕಟ್ಟಡ, ಮೇಲಿನಿಂದ ಗಾರೆಯ ಚೂರು ಉದುರಿರಬೇಕೆಂದು ಜೆನ್ನರ್ ತಲೆಯೆತ್ತಿ ನೋಡಿದನಂತೆ. ಗಾರೆ ಉದುರಿರಲಿಲ್ಲ. ಗಟ್ಟಿಯಾಗಿದ್ದುದು, ಹೃದಯವನ್ನು ಕಿರೀಟದಂತೆ ಬಳಸಿ ಅದಕ್ಕೆ ರಕ್ತವನ್ನುಣಿಸುವ ಕಿರೀಟಧಮನಿ. ಅದು ಮೂಳೆಯಂತೆ ಪೆಡಸಾಗಿತ್ತು.

ಕಂಡದ್ದನ್ನು ಸಾರಿ ಹೇಳುವಂತಿರಲಿಲ್ಲ. ಜೆನ್ನರನ ಗುರು, ಲಂಡನ್ನಿನ ಹೆಸರಾಂತ ಶಸ್ತ್ರವೈದ್ಯ ಜಾನ್ ಹಂಟರನಿಗೂ ಇದೇ ನೋವು ಇತ್ತು. ರೋಗದ ಕಾರಣವನ್ನು ಹೊರಗೆಡಹುವುದೆಂದರೆ ಗುರುವಿನ ಮುಂದೆ ಅವನ ಮರಣಪತ್ರವನ್ನು ಓದಿದಂತೆ. ಶಿಷ್ಯ ಬಾಯಿ ಕಟ್ಟಿಕೊಂಡ. 1793ರ ಅಕ್ಟೋಬರ್ 16ರಂದು ಸೇಂಟ್ ಜಾರ್ಜ್ ಆಸ್ಪತ್ರೆಯ ಸಭೆಯೊಂದರಲ್ಲಿ ಯಾರೋ ಎದುರಾಡಿದ್ದಕ್ಕೆ ಹಂಟರ್ ಕೆರಳಿದ. ಪಕ್ಕದ ಕೋಣೆಗೆ ನಡೆದವನು ಅಲ್ಲಿಯೇ ಪ್ರಾಣಬಿಟ್ಟ. ಶವವನ್ನು ಕೊಯ್ದಾಗ ಕಂಡದ್ದು ಜೆನ್ನರ್ ಶಂಕಿಸಿದ್ದಂತೆ ಪೆಡಸಾದ ಧಮನಿಗಳೇ. ಜೆನ್ನರನ ಈ ಮಾತುಗಳು ಪ್ಯಾರಿ ಎಂಬ ವೈದ್ಯನ ಪುಸ್ತಕದಲ್ಲಿ ಅಚ್ಚಾದದ್ದು 1799ರಲ್ಲಿ, ಗುರು ತೀರಿಕೊಂಡು ಆರು ವರ್ಷ ಕಳೆದ ಮೇಲೆ.

ಗುಂಡಿಗೆಯ ರೋಗದ ಚರಿತ್ರೆಯುದ್ದಕ್ಕೂ ಈ ಸಂಕಟವೇ ಇದೆ. ಸತ್ಯ ಕಾಣುವುದು ಸತ್ತ ಮೇಲೆ. ನೋವನ್ನು ಹೆಬರ್ಡನ್ 1772ರಲ್ಲಿಯೇ ಸೊಗಸಾಗಿ ಬಣ್ಣಿಸಿದ್ದ; ಕಾರಣ ಅವನಿಗೆ ತಿಳಿಯದು. ಧಮನಿ ಥಟ್ಟನೆ ಮುಚ್ಚಿದರೂ ಮನುಷ್ಯ ಬದುಕಿ ಉಳಿಯಬಲ್ಲನೆಂದು ಷಿಕಾಗೊ ನಗರದ ಜೇಮ್ಸ್ ಹೆರಿಕ್ 1912ರಲ್ಲಿ ಬರೆದಾಗ ಆ ಲೇಖನವನ್ನು ಯಾರೂ ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ಅದಕ್ಕೆ ಬೆಲೆ ಬಂದದ್ದು ಹಾಲೆಂಡಿನ ಐಂಥೋವನನ ಯಂತ್ರ, ಅಂದರೆ ಇಂದಿನ ಇ.ಸಿ.ಜಿ.ಯ ಹಿರಿಯಜ್ಜ, ಬಳಕೆಗೆ ಬಂದ ಮೇಲೆ.

ಆದರೆ ಇ.ಸಿ.ಜಿ. ತೋರಿಸುವುದು ಗೆರೆಯನ್ನು, ಗಾಯವನ್ನಲ್ಲ. ಗೆರೆಯಿಂದ ಗಾಯವನ್ನು ಊಹಿಸಬೇಕು. ಹಾಗೆ ಊಹಿಸಿಯೇ ವೈದ್ಯರು ಹೃದಯಾಘಾತಗಳನ್ನು ಎರಡು ಜಾತಿಯಾಗಿ ಒಡೆದರು. ಗೆರೆಯಲ್ಲಿ ‘ಕ್ಯೂ’ ಅಲೆ ಮೂಡಿತೋ, ಗಾಯ ಹೃದಯದ ಗೋಡೆಯ ಒಳಮೈಯಿಂದ ಹೊರಮೈವರೆಗೂ ಹಾಯ್ದಿದೆ. ಮೂಡಲಿಲ್ಲವೋ, ಒಳಪದರದಲ್ಲಿಯೇ ನಿಂತಿದೆ. ಈ ಸೂತ್ರವನ್ನು ದಶಕಗಳ ಕಾಲ ವಿದ್ಯಾರ್ಥಿಗಳು ಉರುಹೊಡೆದರು. ನಾವು ಷಟ್ಪದಿಯ ಲಕ್ಷಣವನ್ನು ಉರುಹೊಡೆಸುವಂತೆಯೇ ಇರಬೇಕು.

ಸೂತ್ರವನ್ನು ಒರೆಗೆ ಹಚ್ಚಲು ಬದುಕಿರುವವನ ಹೃದಯವನ್ನು ಕೊಯ್ಯದೆ ನೋಡಬೇಕಾಗಿತ್ತು. 1973ರಲ್ಲಿ ಅಮೆರಿಕದ ಪಾಲ್ ಲಾಟರ್‌ಬರ್ ಅಯಸ್ಕಾಂತದ ನೆರವಿನಿಂದ ಚಿತ್ರ ತೆಗೆಯುವ ದಾರಿ ತೋರಿಸಿದರು. 2003ರ ನೊಬೆಲ್ ಬಹುಮಾನ ಅವರಿಗೂ ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡರಿಗೂ ಸಂದಿತು. ಇದೇ ನಾವು ಎಂ.ಆರ್.ಐ. ಎಂದು ಕರೆಯುವುದು. ಮೈಯ ನೀರಿನಲ್ಲಿರುವ ಜಲಜನಕದ ಕಣಗಳು ಬಲವಾದ ಅಯಸ್ಕಾಂತದ ನಡುವೆ ರೇಡಿಯೋ ಅಲೆಗೆ ಮಾರ್ದನಿಗೊಡುತ್ತವೆ. ಆ ಮಾರ್ದನಿಯಿಂದ ಚಿತ್ರ. ಎಡೆಬಿಡದೆ ಮಿಡಿಯುವ ಹೃದಯದ ಚಿತ್ರ ತೆಗೆಯುವುದು ಸುಲಭವಲ್ಲ. ರೋಗಿ ಆಗಾಗ ಉಸಿರು ಹಿಡಿಯಬೇಕು, ಯಂತ್ರ ಬಡಿತಕ್ಕೆ ತಾಳ ಹಾಕಬೇಕು.

ಇದಕ್ಕೆ ಗೆಡೊಲಿನಿಯಮ್ ಎಂಬ ಲೋಹದ ಔಷಧವೂ ಜೊತೆಗೂಡಿತು. ಅದನ್ನು ರಕ್ತಕ್ಕೆ ಚುಚ್ಚಿ ಹತ್ತು ನಿಮಿಷದಷ್ಟು ಕಾಯುತ್ತಾರೆ. ಜೀವಂತ ಸ್ನಾಯುವಿನಿಂದ ಅದು ಬೇಗ ತೊಳೆದುಹೋಗುತ್ತದೆ. ಸತ್ತು ಕಲೆಗಟ್ಟಿದ ಎಡೆಯಲ್ಲಿ ತಂಗುತ್ತದೆ. ಚಿತ್ರದಲ್ಲಿ ಬದುಕಿದ್ದು ಕಪ್ಪು, ಸತ್ತದ್ದು ಬಿಳಿ. (ಕೀರ್ತಿಯನ್ನು ಬಿಳುಪೆಂದು ಹಾಡಿದ ನಮ್ಮ ಕವಿಗಳಿಗೆ ಇದು ರುಚಿಸುತ್ತಿರಲಿಲ್ಲ.) ಈ ಬಿಳುಪು ಸತ್ತ ಸ್ನಾಯುವಿಗೆ ತಾಳೆಯಾಗುತ್ತದೆಂದು ರೇಮಂಡ್ ಕಿಮ್, ರಾಬರ್ಟ್ ಜಡ್ ಮತ್ತು ಸಂಗಡಿಗರು 1999ರಲ್ಲಿ ನಾಯಿಗಳ ಹೃದಯದಲ್ಲಿ ತೋರಿಸಿಕೊಟ್ಟರು. ಅವರು ಕೆಲಸ ಮಾಡಿದ್ದೂ ಹೆರಿಕನ ಷಿಕಾಗೊದಲ್ಲಿಯೇ. ಮರುವರ್ಷ, ಬಿಳುಪು ಗೋಡೆಯಲ್ಲಿ ಎಷ್ಟು ಆಳಕ್ಕಿದೆ ಎಂಬುದನ್ನು ನೋಡಿ, ರಕ್ತದ ದಾರಿ ತೆರೆದರೆ ಆ ಭಾಗ ಚೇತರಿಸಿಕೊಂಡೀತೇ ಎಂದು ಮುಂಚೆಯೇ ಅಂದಾಜು ಮಾಡಬಹುದೆಂದರು.

‘ಕ್ಯೂ’ ಅಲೆಯ ಸೂತ್ರವೂ ನಿಲ್ಲಲಿಲ್ಲ. ಲಂಡನ್ನಿನ ವೈದ್ಯರು ಗೆರೆಯನ್ನೂ ಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ 2004ರಲ್ಲಿ ಪ್ರಕಟಿಸಿದರು: ಆ ಅಲೆ ಹೇಳುತ್ತಿದ್ದುದು ಗಾಯದ ಒಟ್ಟು ಗಾತ್ರವನ್ನು, ಆಳವನ್ನಲ್ಲ. ಎರಡು ಜಾತಿಗಳೇನೋ ಉಳಿದವು. ಜಾತಿಯ ಲಕ್ಷಣ ಮಾತ್ರ ಬದಲಾಯಿತು.

ನನ್ನ ಮನಸ್ಸನ್ನು ಹೆಚ್ಚು ಕಲಕುವುದು ಇನ್ನೊಂದು ಬಗೆಯ ರೋಗಿಗಳು. ಎದೆ ಹಿಂಡುವ ನೋವು. ರಕ್ತಪರೀಕ್ಷೆಯಲ್ಲಿ ಸ್ನಾಯು ಸತ್ತ ಗುರುತು. ಆದರೆ ಧಮನಿಗೆ ಬಣ್ಣ ಹಾಯಿಸಿ ನೋಡಿದರೆ ಎಲ್ಲಿಯೂ ಅಡಚಣೆಯಿಲ್ಲ. ಇವರಲ್ಲಿ ಹೆಂಗಸರ ಪಾಲು ಹೆಚ್ಚು. ‘ನಿಮಗೇನೂ ಇಲ್ಲ’ ಎಂಬ ಮಾತು ಕೇಳಿ ಮನೆಗೆ ಮರಳಿದವರೂ ಇದ್ದಾರೆ. ಇಲ್ಲಿ ಬಿಳುಪು ಎಲ್ಲಿದೆ ಎಂಬುದೇ ತೀರ್ಪು. ಧಮನಿಗಳು ಹೃದಯದ ಹೊರಮೈಯಲ್ಲಿ ಹರಿದು ಒಳಕ್ಕೆ ಕವಲೊಡೆಯುವುದರಿಂದ ರಕ್ತ ತಪ್ಪಿದಾಗ ಮೊದಲು ಸಾಯುವುದು ತುದಿಯ ಹೊಲ, ಅಂದರೆ ಒಳಪದರ. ಸಾವು ಅಲ್ಲಿಂದ ಹೊರಕ್ಕೆ ಹಬ್ಬುವುದನ್ನು ರೀಮರ್ ಮತ್ತು ಜೆನ್ನಿಂಗ್ಸ್ 1977ರಲ್ಲಿ ತೋರಿಸಿದ್ದರು. ಆದುದರಿಂದ ಬಿಳುಪು ಒಳಪದರದಿಂದ ಹೊರಟಿದ್ದರೆ ಅದು ನಿಜವಾದ ಹೃದಯಾಘಾತ. ಒಳಪದರವನ್ನು ಬಿಟ್ಟು ನಡುವೆಯೋ ಹೊರಗೋ ಇದ್ದರೆ ಬಹುಮಟ್ಟಿಗೆ ಸ್ನಾಯುವಿನ ಉರಿಯೂತ; ಅದಕ್ಕೆ ಬೇರೆ ಮದ್ದು.

ಬಿಳುಪೇ ಇಲ್ಲದೆ ಹೃದಯದ ತುದಿ ಮಾತ್ರ ಬುಗ್ಗೆಯಂತೆ ಉಬ್ಬಿ ಸೋತಿರುವುದೂ ಉಂಟು. ಇದನ್ನು ಮೊದಲು ವಿವರಿಸಿದ ಜಪಾನಿನ ವೈದ್ಯರು 1990ರಲ್ಲಿ ಇದಕ್ಕೆ ‘ತಾಕೋತ್ಸುಬೊ’ ಎಂದು ಹೆಸರಿಟ್ಟರು. ಅಷ್ಟಪದಿ ಹಿಡಿಯಲು ಬೆಸ್ತರು ಕಡಲಿಗಿಳಿಸುವ ಮಡಕೆ ಅದು. ಹತ್ತಿರದವರ ಸಾವು, ದೊಡ್ಡ ಭಯ, ಇಂಥ ಪೆಟ್ಟು ಬಿದ್ದ ಬೆನ್ನಿಗೇ ಇದು ಬರುವುದುಂಟು. ಮಗ ಹೋದ ಸುದ್ದಿ ಕೇಳಿ ತಾಯಿಯ ಎದೆ ಒಡೆಯಿತು ಎಂಬ ನಮ್ಮ ಹಳ್ಳಿಗರ ಮಾತನ್ನು ಅಲಂಕಾರವೆಂದು ತರಗತಿಯಲ್ಲಿ ನಾನೇ ಹೇಳಿಕೊಟ್ಟಿದ್ದೇನೆ. ಈ ಉಬ್ಬು ಕೆಲವರ ಪ್ರಾಣವನ್ನು ತೆಗೆಯುತ್ತದೆ. ಉಳಿದವರಲ್ಲಿ ಕೆಲವು ವಾರ ಬಿಟ್ಟು ಮತ್ತೆ ಚಿತ್ರ ತೆಗೆದರೆ, ಸಾಮಾನ್ಯವಾಗಿ ಮಡಕೆ ಮಾಯವಾಗಿರುತ್ತದೆ, ಹೃದಯ ಎಂದಿನ ಆಕಾರದಲ್ಲಿ ಮಿಡಿಯುತ್ತಿರುತ್ತದೆ.