‘ಗುರುತ್ವಾಕರ್ಷಣ’: ಒಂದು ಶಬ್ದ, ಎರಡು ಕಾರಣವಾದಗಳು

ಭೌತಶಾಸ್ತ್ರದ ಪಾಠಗಳಲ್ಲಿ ರೂಢವಾಗಿರುವ ‘ಗುರುತ್ವಾಕರ್ಷಣ’ವೆಂಬ ಸಮಸ್ತಪದವನ್ನು ಮುಂದಿಟ್ಟು, ನ್ಯೂಟನ್ನನ ನಿಯಮವು ನಮ್ಮ ಪ್ರಾಚೀನರಿಗೆ ವಿದಿತವಾಗಿದ್ದಿತೆಂದು ವಾದಿಸುವವರುಂಟು. ಶಬ್ದಸಾಮ್ಯವನ್ನೇ ಅರ್ಥಸಾಮ್ಯವೆಂದು ಗ್ರಹಿಸಿದರೆ ಪ್ರಾಚೀನರಿಗೂ ನ್ಯಾಯ ಸಲ್ಲದು, ನ್ಯೂಟನ್ನನಿಗೂ ಸಲ್ಲದು. ಆದುದರಿಂದ ಈ ಪದದ ಎರಡು ಅವಯವಗಳನ್ನು ಪ್ರತ್ಯೇಕವಾಗಿ ಪರ್ಯಾಲೋಚಿಸುವುದು ಯುಕ್ತವಾಗಿದೆ.

ವೈಶೇಷಿಕರು ಎಣಿಸಿದ 24 ಗುಣಗಳಲ್ಲಿ ಗುರುತ್ವವು ಒಂದು. ಅದು ಪೃಥಿವೀಜಲಗಳಲ್ಲಿ ಮಾತ್ರ ಇರತಕ್ಕದ್ದು. ಇಂದ್ರಿಯಗೋಚರವಲ್ಲ, ಪತನದಿಂದ ಅನುಮೇಯವಾದುದು. ಆದ್ಯಪತನಕ್ಕೆ ಅದೇ ಅಸಮವಾಯಿಕಾರಣ. ಮುಂದಣ ಪತನಕ್ಕೆ ವೇಗವೆಂಬ ಸಂಸ್ಕಾರವೂ ಸೇರುತ್ತದೆ. ಇಲ್ಲಿ ಕಾರಣವು ಬೀಳುವ ವಸ್ತುವಿನಲ್ಲಿಯೇ ನೆಲಸಿದೆ. ಭೂಮಿಯು ಯಾವುದನ್ನೂ ಸೆಳೆಯುವುದಿಲ್ಲ.

ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ‘ಸಿದ್ಧಾಂತಶಿರೋಮಣಿ’ಯ ಗೋಲಾಧ್ಯಾಯದಲ್ಲಿ ಕಾರಣವು ಸ್ಥಾನವನ್ನು ಬದಲಿಸಿದೆ. ಭೂಮಿಗೆ ಆಧಾರವೊಂದನ್ನು ಕಲ್ಪಿಸಿದರೆ ಆ ಆಧಾರಕ್ಕೆ ಮತ್ತೊಂದು ಬೇಕಾಗಿ ಅನವಸ್ಥೆಯೊದಗುವುದೆಂದು ಆತನ ತರ್ಕ. ಆಕರ್ಷಣಶಕ್ತಿಯುಳ್ಳ ಭೂಮಿಯು ಆಕಾಶದಲ್ಲಿರುವ ಗುರುವಸ್ತುವನ್ನು ತನ್ನೆಡೆಗೆ ಎಳೆಯುವುದರಿಂದ ಅದು ಬೀಳುವಂತೆ ತೋರುತ್ತದೆ. ಎಲ್ಲ ಕಡೆಗಳಲ್ಲಿಯೂ ಆಕಾಶವು ಸಮವಾಗಿರುವಾಗ ಭೂಮಿಯಾದರೋ ಎಲ್ಲಿಗೆ ಬೀಳಬೇಕು? ಉಜ್ಜ್ವಲವಾದ ವಿಚಾರವೇ ಸರಿ. ಆದರೆ ದೂರಕ್ಕೂ ಆಕರ್ಷಣಕ್ಕೂ ಇರುವ ಪ್ರಮಾಣವಾಗಲಿ, ಗ್ರಹಗತಿಗೆ ಅದೇ ಕಾರಣವೆಂಬ ಮಾತಾಗಲಿ ಅಲ್ಲಿಲ್ಲ.

ನ್ಯೂಟನ್ನನು 1687ರಲ್ಲಿ ಪ್ರಕಟಿಸಿದುದು ಈ ಪ್ರಮಾಣವನ್ನೇ. ಚಂದ್ರನು ಭೂಕೇಂದ್ರದಿಂದ ಸುಮಾರು 60 ಭೂತ್ರಿಜ್ಯಗಳ ದೂರದಲ್ಲಿರುವನು. ಆಕರ್ಷಣವು ದೂರದ ವರ್ಗಕ್ಕೆ ವಿಲೋಮವಾಗಿದ್ದರೆ ಅಲ್ಲಿ ಅದು 3600ರಲ್ಲಿ ಒಂದಂಶವಾಗಬೇಕು. ಇಲ್ಲಿ ಕಲ್ಲು ಮೊದಲನೆಯ ಸೆಕೆಂಡಿನಲ್ಲಿ ಸುಮಾರು 16 ಅಡಿ ಬೀಳುತ್ತದೆ. ಚಂದ್ರನು ತನ್ನ ಸರಳಮಾರ್ಗದಿಂದ ಒಂದು ನಿಮಿಷದಲ್ಲಿ ಭೂಮಿಯ ಕಡೆಗೆ ಬಾಗುವುದೂ ಅಷ್ಟೇ. ಕಲ್ಲಿಗೂ ಚಂದ್ರನಿಗೂ ನಿಯಮವೊಂದೇ ಎಂಬುದು ಹೀಗೆ ಗಣಿತದಿಂದ ಸಿದ್ಧವಾಯಿತು. ಆದರೂ ಈ ಆಕರ್ಷಣಕ್ಕೆ ಕಾರಣವೇನೆಂಬುದನ್ನು ತಾನು ಕಂಡುಕೊಂಡಿಲ್ಲವೆಂದು ಆತನು 1713ರ ದ್ವಿತೀಯ ಮುದ್ರಣದಲ್ಲಿ ಒಪ್ಪಿಕೊಂಡನು.

ಆ ಪ್ರಶ್ನೆಗೆ ಐನ್‌ಸ್ಟೈನನು 1915ರಲ್ಲಿ ಬೇರೊಂದು ಬಗೆಯ ಉತ್ತರವನ್ನಿತ್ತನು. ದ್ರವ್ಯವೂ ಶಕ್ತಿಯೂ ದೇಶಕಾಲವನ್ನು ವಕ್ರಗೊಳಿಸುತ್ತವೆ; ಬೀಳುವ ವಸ್ತುವು ಆ ವಕ್ರತೆಯಲ್ಲಿ ತನಗೆ ಸಹಜವಾದ ಮಾರ್ಗವನ್ನು ಹಿಡಿಯುತ್ತದೆ. ಬುಧಗ್ರಹದ ಕಕ್ಷೆಯಲ್ಲಿ ಶತಮಾನಕ್ಕೆ 43 ವಿಕಲೆಗಳಷ್ಟು ಉಳಿದಿದ್ದ ವ್ಯತ್ಯಾಸವು ಇದರಿಂದ ಪರಿಹಾರವಾಯಿತು. 2015ರಲ್ಲಿ ಗುರುತ್ವತರಂಗಗಳೂ ಯಂತ್ರಗಳಿಗೆ ಗೋಚರಿಸಿದುವು.

ಈ ಮತದಲ್ಲಿ ಕಾರಣವು ವೈಶೇಷಿಕರು ಹೇಳಿದ ಗುಣವೂ ಅಲ್ಲ, ಭಾಸ್ಕರನು ಹೇಳಿದ ಸೆಳೆತವೂ ಅಲ್ಲ. ಹಾಗೆಂದು ಪದವನ್ನು ತ್ಯಜಿಸಬೇಕಾಗಿಲ್ಲ. ಅದು ಪ್ರಾಚೀನರ ಸರ್ವಜ್ಞತೆಗೆ ಸಾಕ್ಷಿಯಲ್ಲದಿದ್ದರೂ ಅವರ ಜಿಜ್ಞಾಸೆಗೆ ಸಾಕ್ಷಿಯಾಗಿದೆ. ಪರಸ್ಪರ ಭಿನ್ನವಾದ ಎರಡು ದರ್ಶನಗಳು ಒಂದೇ ಸಮಾಸದಲ್ಲಿ ಕೂಡಿರುವುದನ್ನು ಉಪಾಧ್ಯಾಯರು ವಿದ್ಯಾರ್ಥಿಗಳಿಗೆ ಬಿಡಿಸಿ ತೋರಿಸಿದರೆ, ಭಾಷಾಪಾಠವೂ ಶಾಸ್ತ್ರಪಾಠವೂ ಏಕಕಾಲದಲ್ಲಿ ನಡೆದಂತಾಗುವುದು.